ಕಾದಂಬರಿಯ ಮಳೆಯನ್ನು ಓದುವ ಬಗೆ: ‘ಜೇನ್ ಐರ್’ಗೆ ಒಂದು ಪಂಚಾಂಗ

ಕಾಸರಗೋಡಿನ ಒಳನಾಡಿನ ನಮ್ಮ ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಕೂಡುವ ಓದುಗರ ಗುಂಪಿನಲ್ಲಿ ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ ಕಾದಂಬರಿಯ ಇಪ್ಪತ್ತಮೂರನೆಯ ಅಧ್ಯಾಯವನ್ನು ಓದುತ್ತಿದ್ದಾಗ, ‘ಮಿಡ್‌ಸಮ್ಮರ್’ ಎಂಬ ಒಂದೇ ಮಾತಿನ ಬಳಿ ಅರ್ಧ ಗಂಟೆ ನಿಂತುಬಿಟ್ಟೆವು. ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು ಅದನ್ನು ನಡುಬೇಸಿಗೆ ಎಂದು ಕನ್ನಡಿಸಿಕೊಂಡು, ವಿಷುವಿನ ಹೊತ್ತಿನ ಸೆಕೆಯನ್ನೂ ತಳ ಕಂಡ ಬಾವಿಯನ್ನೂ ಮನಸ್ಸಿಗೆ ತಂದುಕೊಂಡಿದ್ದಳು. ಹಿರಿಯ ಅಡಿಕೆ ಕೃಷಿಕರೊಬ್ಬರು ಅದು ಜೂನ್ ತಿಂಗಳೆಂದು ಲೆಕ್ಕ ಹಾಕಿ, ಹಾಗಾದರೆ ಆರಿದ್ರಾ ಮಳೆ ಹಿಡಿದಿರಬೇಕಲ್ಲ, ಇವರು ತೋಟದಲ್ಲಿ ಹೇಗೆ ಅಡ್ಡಾಡುತ್ತಿದ್ದಾರೆ ಎಂದು ಕೇಳಿದರು. ಇಬ್ಬರೂ ಪ್ರಾಮಾಣಿಕವಾಗಿಯೇ ಓದಿದ್ದರು, ಇಬ್ಬರ ಕಣ್ಣ ಮುಂದೆಯೂ ಇಂಗ್ಲೆಂಡಿನ ಆಕಾಶ ಇರಲಿಲ್ಲ. ಕಾದಂಬರಿಯ ಹವೆಯಲ್ಲಿ ಸಂಕೇತವನ್ನು ಹುಡುಕುವುದಕ್ಕೆ ಮೊದಲು ಅದನ್ನು ಹವೆಯಾಗಿಯೇ ಓದುವುದು ಹೇಗೆ ಎಂಬ ಈ ಮಾರ್ಗದರ್ಶಿ ಆ ಸಂಜೆಯಿಂದ ಹುಟ್ಟಿದ್ದು.

ಕಾದಂಬರಿ ಹೊರಬಂದದ್ದು 1847ರ ಅಕ್ಟೋಬರದಲ್ಲಿ, ಕರರ್ ಬೆಲ್ ಎಂಬ ಗುಪ್ತನಾಮದಲ್ಲಿ. ತಬ್ಬಲಿ ಹುಡುಗಿಯೊಬ್ಬಳು ಐದು ನೆಲೆಗಳನ್ನು ಹಾದುಹೋಗುವ ಕಥೆಯಿದು: ಅತ್ತೆಯ ಮನೆ ಗೇಟ್ಸ್‌ಹೆಡ್, ಅನಾಥ ಹುಡುಗಿಯರ ಶಾಲೆ ಲೋವುಡ್, ಅವಳು ಶಿಕ್ಷಕಿಯಾಗಿ ಸೇರುವ ಥಾರ್ನ್‌ಫೀಲ್ಡ್, ಬಯಲುಗುಡ್ಡಗಳ ನಡುವಿನ ಮೂರ್ ಹೌಸ್, ಕೊನೆಗೆ ಕಾಡಿನೊಳಗಿನ ಫರ್ನ್‌ಡೀನ್. ಒಟ್ಟು 38 ಅಧ್ಯಾಯಗಳಿವೆ. ಸಂಕ್ಷಿಪ್ತ ಆವೃತ್ತಿಗಳನ್ನು ದಯವಿಟ್ಟು ಬದಿಗಿಡಿ, ಏಕೆಂದರೆ ಪುಟ ಇಳಿಸುವವರ ಕತ್ತರಿ ಮೊದಲು ಬೀಳುವುದು ಮಳೆಗಾಳಿಯ ವರ್ಣನೆಯ ಮೇಲೆ. ಕಥೆಯನ್ನು ಇನ್ನೂ ಓದದವರು ಒಮ್ಮೆ ಓದಿ ಮುಗಿಸಿಯೇ ಇಲ್ಲಿಗೆ ಬರುವುದು ಒಳ್ಳೆಯದು. ಮುಂದೆ ಕಥೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ.

ಮೊದಲ ಹೆಜ್ಜೆ: ನಿಮ್ಮ ಮಳೆಯ ಅರ್ಥವನ್ನು ಬರೆದಿಡಿ

ಪುಸ್ತಕ ತೆರೆಯುವ ಮುನ್ನ ಒಂದು ಹಾಳೆಯಲ್ಲಿ ನಿಮ್ಮ ಊರಿನ ಹವೆ ನಿಮಗೆ ಏನೆಂದು ಬರೆಯಿರಿ. ನಮ್ಮ ಕಡೆಯ ಹಾಳೆ ಹೆಚ್ಚು ಕಡಿಮೆ ಹೀಗಿರುತ್ತದೆ. ಮೇ ಕೊನೆಯ ವಾರದಲ್ಲಿ ಪತ್ತನಾಜೆ. ಅಂದು ಹತ್ತು ಹನಿಯಾದರೂ ಬೀಳಬೇಕೆಂಬ ತುಳು ಮಾತು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಜುಲೈ-ಆಗಸ್ಟ್ ಹೊತ್ತಿನ ಆಟಿ ತಿಂಗಳು ಹಿಂದಿನವರಿಗೆ ಹಸಿವಿನ ತಿಂಗಳು, ಶುಭಕಾರ್ಯಗಳಿಲ್ಲದ ತಿಂಗಳು, ಹೊಸ ಮದುಮಗಳು ತವರಿಗೆ ಬರುವ ತಿಂಗಳು. ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ಕೆತ್ತೆಯ ಕಷಾಯ. ತೋಟದವರಿಗೆ ಬಿಡದೆ ಸುರಿಯುವ ಮಳೆ ಎಂದರೆ ಅಡಿಕೆಗೆ ಕೊಳೆರೋಗ, ಮದ್ದು ಬಿಡಲು ಎರಡು ದಿನದ ಬಿಸಿಲು ಸಿಕ್ಕೀತೇ ಎಂಬ ಚಿಂತೆ. ಅಂಗಳದಲ್ಲಿ ಅಡಿಕೆ ಹರಡಿದ ಡಿಸೆಂಬರದಲ್ಲಿ ಮೋಡ ಕಂಡರೆ ಕವಿಯಾದವನೂ ಟಾರ್ಪಾಲು ಹುಡುಕುತ್ತಾನೆ.

ಈ ಹಾಳೆಯ ಪಕ್ಕದಲ್ಲಿ ಇಂಗ್ಲೆಂಡಿನ ಹಾಳೆ ಇರಲಿ. ಅಲ್ಲಿ ಬೇಸಿಗೆ ಎಂದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಹಿತವಾದ ಬಿಸಿಲು, ಜನ ವರ್ಷವಿಡೀ ಕಾಯುವ ಕಾಲ. ಮಳೆಗೆ ಮಾತ್ರ ಅಲ್ಲಿ ಇಂಥದೇ ಋತುವೆಂಬುದಿಲ್ಲ. ಕಾದಂಬರಿಯ ಪ್ರೇಮ ನಿವೇದನೆ ನಡೆಯುವ ಮಿಡ್‌ಸಮ್ಮರ್ ಈವ್ ಜೂನ್ 23ರ ಸಂಜೆ. ಉತ್ತರ ಇಂಗ್ಲೆಂಡಿನಲ್ಲಿ ಆಗ ರಾತ್ರಿ ಎಂಟೂವರೆಯಾದರೂ ಬೆಳಕಿರುತ್ತದೆ, ಮುಸ್ಸಂಜೆ ಮುಗಿಯುವುದೇ ಇಲ್ಲವೇನೋ ಎಂಬಂತೆ ಉದ್ದವಾಗುತ್ತದೆ. ಏಳರ ಸುಮಾರಿಗೆ ಕತ್ತಲು ಕವಿಯುವ ನಮಗೆ, ಜೇನ್ ಅಷ್ಟು ಹೊತ್ತು ತೋಟದಲ್ಲಿ ಹೇಗೆ ಉಳಿದಳೆಂಬುದು ಈ ಲೆಕ್ಕವಿಲ್ಲದೆ ತಿಳಿಯುವುದಿಲ್ಲ. ಅನುವಾದಕರು ‘ಸಮ್ಮರ್’ ಶಬ್ದಕ್ಕೆ ಕಣ್ಣು ಮುಚ್ಚಿ ‘ಬೇಸಿಗೆ’ ಎಂದು ಬರೆದಾಗ ನಷ್ಟವಾಗುವುದು ಇಷ್ಟೆಲ್ಲ.

ಈ ಎರಡು ಹಾಳೆಗಳ ಉಪಯೋಗ ಮೂವತ್ತಾರನೆಯ ಅಧ್ಯಾಯದಲ್ಲಿ ಚೆನ್ನಾಗಿ ಕಾಣುತ್ತದೆ. ಅದು ಜೂನ್ ಒಂದನೆಯ ತಾರೀಕು. ಆದರೂ ಬೆಳಗು ಮೋಡ ಕವಿದು ಚಳಿಯಾಗಿತ್ತು, ಕಿಟಕಿಗೆ ಮಳೆ ಬಡಿಯುತ್ತಿತ್ತು ಎಂದು ಜೇನ್ ಹೇಳುತ್ತಾಳೆ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನವೂ ಜೂನ್ ಒಂದೇ ಆದ್ದರಿಂದ ನಾವು ಆ ವಾಕ್ಯವನ್ನು ‘ಸರಿ, ಮಳೆ ಬಂತು’ ಎಂದು ದಾಟಿಬಿಡುತ್ತೇವೆ. ಅವಳ ವಾಕ್ಯದ ಜೀವ ಇರುವುದು ‘ಆದರೂ’ ಎಂಬ ಮಾತಿನಲ್ಲಿ. ಅಲ್ಲಿ ಆ ದಿನದ ಮಳೆ ಕ್ರಮ ತಪ್ಪಿದ್ದು. ಅವಳು ಹೊರಡಲಿರುವ ಪ್ರಯಾಣವೂ ಲೋಕದ ಕ್ರಮಕ್ಕೆ ಹೊಂದುವಂಥದಲ್ಲ.

ಎರಡನೆಯ ಹೆಜ್ಜೆ: ಕಾದಂಬರಿಯ ಪಂಚಾಂಗ ಬರೆಯಿರಿ

ಎರಡನೆಯ ಓದಿನಲ್ಲಿ ಕೈಯಲ್ಲಿ ಪೆನ್ಸಿಲ್ ಇರಲಿ. ನೋಟುಪುಸ್ತಕದ ಪುಟವನ್ನು ನಾಲ್ಕು ಅಂಕಣಗಳಾಗಿ ಗೆರೆ ಎಳೆದು, ಅಧ್ಯಾಯ, ತಿಂಗಳು, ಹವೆ, ಆ ಹವೆಯಿಂದ ನಡೆದದ್ದೇನು ಎಂದು ತುಂಬುತ್ತ ಹೋಗಿ. ಲೇಖಕಿ ತಿಂಗಳುಗಳನ್ನು ಧಾರಾಳವಾಗಿ ಕೊಟ್ಟಿದ್ದಾಳೆ. ಮೊದಲ ಅಧ್ಯಾಯ ನವೆಂಬರದ ಮಬ್ಬು ಮಧ್ಯಾಹ್ನ, ಹೊರಗೆ ಕಾಲಿಡಲಾಗದ ಕೊರೆಯುವ ಮಳೆ. ಜನವರಿ 19ರ ನಸುಕಿನಲ್ಲಿ ಹತ್ತು ವರ್ಷದ ಹುಡುಗಿ ಶಾಲೆಗೆ ಹೊರಡುತ್ತಾಳೆ. ಥಾರ್ನ್‌ಫೀಲ್ಡ್ ಸೇರುವುದು ಅಕ್ಟೋಬರದಲ್ಲಿ, ಆ ಮನೆಯ ಒಡೆಯ ರಾಚೆಸ್ಟರ್ ಎದುರಾಗುವುದು ಜನವರಿಯ ಹೆಪ್ಪುಗಟ್ಟಿದ ದಾರಿಯಲ್ಲಿ, ನಿವೇದನೆ ಮಿಡ್‌ಸಮ್ಮರಿನಲ್ಲಿ, ಮದುವೆ ಮುರಿಯುವುದು ಅದಾದ ಒಂದು ತಿಂಗಳಿಗೆ.

ನಾಲ್ಕನೆಯ ಅಂಕಣ ಬಹಳ ಮುಖ್ಯ. ಹನ್ನೆರಡನೆಯ ಅಧ್ಯಾಯವನ್ನು ನೋಡಿ: ಕೆಲವು ದಿನಗಳ ಹಿಂದೆ ಹಿಮ ಕರಗಿ ಉಕ್ಕಿದ ಸಣ್ಣ ತೋಡಿನ ನೀರು ದಾರಿಯ ಮೇಲೆ ಹರಡಿ ಮತ್ತೆ ಮಂಜುಗಡ್ಡೆಯಾಗಿದೆ, ಅದರ ಮೇಲೆ ಕುದುರೆ ಜಾರಿ ಸವಾರ ಬೀಳುತ್ತಾನೆ, ಜೇನ್ ಅವನಿಗೆ ಹೆಗಲು ಕೊಡುತ್ತಾಳೆ. ಆ ಗಡ್ಡೆಯನ್ನು ತೆಗೆದುಬಿಟ್ಟರೆ ಬಿದ್ದವನೂ ಇಲ್ಲ, ಎತ್ತಿದವಳೂ ಇಲ್ಲ, ಒಡೆಯನೊಬ್ಬ ಸಂಬಳದ ಶಿಕ್ಷಕಿಯ ಹೆಗಲಿಗೆ ಭಾರ ಹಾಕಿ ನಡೆಯುವ ಮೊದಲ ಚಿತ್ರವೂ ಇಲ್ಲ. ಹವೆಯನ್ನು ತೆಗೆದರೆ ಕಥೆ ಕುಸಿಯುತ್ತದೆಯೇ ಎಂದು ಪ್ರತಿ ಸಾಲಿನಲ್ಲೂ ಕೇಳಿಕೊಳ್ಳಿ. ಕುಸಿಯುವಲ್ಲಿ ನಿಮ್ಮ ಗುರುತು ದಪ್ಪವಾಗಿರಲಿ.

ಮೂರನೆಯ ಹೆಜ್ಜೆ: ಪಾತ್ರ ನಿಂತಿರುವುದು ಒಳಗೋ ಹೊರಗೋ

ಹಳಗನ್ನಡ ಕಾವ್ಯಗಳ ಅಷ್ಟಾದಶ ವರ್ಣನೆಯಲ್ಲಿ ಋತುವರ್ಣನೆಯೂ ಒಂದು. ಅಲಂಕಾರಶಾಸ್ತ್ರ ಓದಿದವರು ಅದನ್ನು ಉದ್ದೀಪನ ವಿಭಾವವೆಂದು ಗುರುತಿಸುತ್ತಾರೆ, ಅಂದರೆ ಇರುವ ಭಾವವನ್ನು ಕೆರಳಿಸುವ ಹಿನ್ನೆಲೆ. ಮುದ್ದಣನ ‘ಶ್ರೀರಾಮಾಶ್ವಮೇಧ’ ಮಳೆಗಾಲದಿಂದ ತೊಡಗುವುದೂ ಈ ಪರಂಪರೆಯ ಬಲದಿಂದಲೇ. ಆ ಅಭ್ಯಾಸ ನಮಗೆ ಸಹಾಯಕ, ಆದರೆ ಸಾಲದು. ಬ್ರಾಂಟೆಯಲ್ಲಿ ಹವೆ ಮತ್ತು ಪಾತ್ರದ ನಡುವೆ ಸಾಮಾನ್ಯವಾಗಿ ಒಂದು ಕಿಟಕಿಯೋ ಬಾಗಿಲೋ ಇರುತ್ತದೆ, ಅದನ್ನು ಗಮನಿಸದೆ ಸಂಕೇತ ಸಿಕ್ಕುವುದಿಲ್ಲ.

ಮೊದಲ ಅಧ್ಯಾಯದಲ್ಲಿ ಜೇನ್ ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತಿದ್ದಾಳೆ. ಒಂದು ಬದಿಗೆ ಕೆಂಪು ಪರದೆ ಅವಳನ್ನು ಮನೆಯವರಿಂದ ಮರೆ ಮಾಡುತ್ತದೆ, ಇನ್ನೊಂದು ಬದಿಗೆ ಗಾಜು ನವೆಂಬರದ ಮಳೆಯನ್ನು ತಡೆಯುತ್ತದೆ, ಆದರೆ ಮರೆ ಮಾಡುವುದಿಲ್ಲ. ಕೈಯಲ್ಲಿರುವ ಪಕ್ಷಿಗಳ ಪುಸ್ತಕದಲ್ಲಿಯೂ ಉತ್ತರ ಧ್ರುವದ ಹಿಮವೇ. ಹೊರಗಿನ ಚಳಿ ಅವಳಿಗೆ ಶತ್ರುವಲ್ಲ, ಪರದೆಯ ಆಚೆ ಬೆಂಕಿ ಕಾಯಿಸಿಕೊಳ್ಳುತ್ತಿರುವ ಬಂಧುಗಳೇ ಶತ್ರುಗಳು. ನಾಲ್ಕನೆಯ ಅಧ್ಯಾಯದಲ್ಲಿ ಹಿಮ ಕಟ್ಟಿದ ಗಾಜಿನ ಮೇಲೆ ಉಸಿರೂದಿ, ಹೊರಗೆ ಕಾಣುವಷ್ಟು ಜಾಗ ಮಾಡಿಕೊಳ್ಳುತ್ತಾಳೆ. ಶಾಲೆಯನ್ನು ನಡೆಸುವವನ ಗಾಡಿ ಬರುವುದು ಅವಳಿಗೆ ಅಲ್ಲಿಂದ ಕಾಣುತ್ತದೆ. ಮಗುವಿಗೆ ಅಷ್ಟು ದೊಡ್ಡ ಮನೆಯಲ್ಲಿ ತನ್ನದೆಂಬ ಶಾಖ ಇದ್ದದ್ದು ಆ ಉಸಿರಿನಷ್ಟೇ.

ನಾಲ್ಕನೆಯ ಹೆಜ್ಜೆ: ನಿಜದ ಹವೆ, ಉಪಮೆಯ ಹವೆ

ಇಪ್ಪತ್ತಾರನೆಯ ಅಧ್ಯಾಯದಲ್ಲಿ ಮದುವೆ ಮುರಿದ ಮೇಲೆ, ಮಿಡ್‌ಸಮ್ಮರಿನಲ್ಲಿ ಕ್ರಿಸ್‌ಮಸ್ಸಿನ ಹಿಮ ಬಿದ್ದಿತು, ಜೂನ್ ತಿಂಗಳಿನ ಮೇಲೆ ಡಿಸೆಂಬರದ ಬಿಳಿ ಬಿರುಗಾಳಿ ಬೀಸಿತು ಎಂಬರ್ಥದ ಸಾಲುಗಳು ಬರುತ್ತವೆ. ಪರೀಕ್ಷೆಯ ಉತ್ತರಗಳಲ್ಲಿ ‘ಮದುವೆಯ ದಿನ ಹಿಮ ಸುರಿಯಿತು’ ಎಂದು ಬರೆದವರನ್ನು ನಾನು ಬಲ್ಲೆ. ಹಳೆಯದೊಂದು ಉತ್ತರ ಪತ್ರಿಕೆಯಲ್ಲಿ ನಾನೇ ಹಾಗೆ ಬರೆದಿದ್ದೆ. ಹೊರಗೆ ಹಿಮವೇನೂ ಬಿದ್ದಿಲ್ಲ. ಹೊರಗಿನದು ಬೇಸಿಗೆಯೇ, ಅವಳೊಳಗೆ ಮಾತ್ರ ಚಳಿಗಾಲ. ಆದ್ದರಿಂದ ನೋಟುಪುಸ್ತಕದಲ್ಲಿ ಉಪಮೆಯ ಹವೆಯನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಎರಡು ಬಣ್ಣಗಳೂ ಒಂದೇ ಮಾತು ಹೇಳುವ ಪುಟಗಳಿವೆ. ಒಂದನ್ನೊಂದು ವಿರೋಧಿಸುವ ಪುಟಗಳಲ್ಲಿ ಕಾದಂಬರಿ ಹೆಚ್ಚು ಆಳಕ್ಕಿಳಿದಿರುತ್ತದೆ.

ಪ್ರಕೃತಿಗೆ ಮನುಷ್ಯನ ಭಾವವನ್ನು ಹೊರಿಸುವ ಅಭ್ಯಾಸವನ್ನು ಇಂಗ್ಲಿಷ್ ಕಲಾವಿಮರ್ಶಕ ಜಾನ್ ರಸ್ಕಿನ್ 1856ರಲ್ಲಿ ಒಂದು ದೋಷವೆಂದೇ ಹೆಸರಿಸಿದ. ಅವನ ಮಾತನ್ನು ನೆನಪಿಟ್ಟುಕೊಂಡರೆ ಸಾಕು, ಅದನ್ನು ಬ್ರಾಂಟೆಯ ಮೇಲೆ ಬೀಸುವ ಕೋಲಾಗಿ ಮಾಡಿಕೊಳ್ಳುವುದು ಬೇಡ.

ಐದನೆಯ ಹೆಜ್ಜೆ: ಹೊಂದದ ಹವೆಯನ್ನು ಹುಡುಕಿ

ದುಃಖಕ್ಕೆ ಮಳೆ, ಸುಖಕ್ಕೆ ಬಿಸಿಲು ಎಂಬ ಸೂತ್ರ ಕಾದಂಬರಿಯ ಒಂಬತ್ತನೆಯ ಅಧ್ಯಾಯಕ್ಕೆ ಬಂದು ಮುರಿಯುತ್ತದೆ. ಲೋವುಡ್‌ನ ಚಳಿಗಾಲದಲ್ಲಿ ಹೂಜಿಯ ನೀರು ಹೆಪ್ಪುಗಟ್ಟಿದೆ, ಗಂಜಿ ಸೀದುಹೋಗಿದೆ, ಹಸಿದ ಹುಡುಗಿಯರು ಎರಡು ಮೈಲಿ ದೂರದ ಚರ್ಚಿಗೆ ನಡೆದು ಮರಗಟ್ಟಿದ್ದಾರೆ. ಕೊನೆಗೂ ವಸಂತ ಬರುತ್ತದೆ, ಹೂ ಅರಳುತ್ತದೆ, ಆ ವಸಂತದ ಜೊತೆಗೇ ಟೈಫಸ್ ಜ್ವರವೂ ಬರುತ್ತದೆ. ಎಂಬತ್ತು ಹುಡುಗಿಯರಲ್ಲಿ ನಲವತ್ತೈದು ಮಂದಿ ಒಂದೇ ಹೊತ್ತಿಗೆ ಹಾಸಿಗೆ ಹಿಡಿಯುತ್ತಾರೆ. ಜೇನ್‌ಳ ಗೆಳತಿ ಹೆಲೆನ್ ಬರ್ನ್ಸ್ ಕ್ಷಯದಿಂದ ಸಾಯುವುದು ಹೂ ಬಿಟ್ಟ ಆ ಕಾಲದಲ್ಲಿಯೇ. ಇದನ್ನು ವ್ಯಂಗ್ಯವೆಂದು ಬರೆದು ಮುಗಿಸುವುದು ಸುಲಭ. ಆದರೆ ಲೇಖಕಿ ಕಾರಣವನ್ನೂ ಕೊಟ್ಟಿದ್ದಾಳೆ: ಶಾಲೆಯಿರುವುದು ಮಂಜು ತಂಗುವ ತಗ್ಗಿನಲ್ಲಿ, ಮಕ್ಕಳ ದೇಹ ಅರೆಹೊಟ್ಟೆಯಿಂದಲೂ ಲಕ್ಷಿಸದ ಶೀತದಿಂದಲೂ ಮೊದಲೇ ಸೋತಿದೆ. ಬ್ರಾಂಟೆಯ ಇಬ್ಬರು ಅಕ್ಕಂದಿರು, ಮರಿಯಾ ಮತ್ತು ಎಲಿಜಬೆತ್, ಇಂಥದೇ ಒಂದು ವಸತಿ ಶಾಲೆಯಿಂದ ಕಾಯಿಲೆ ಹಿಡಿದು ಮರಳಿ 1825ರಲ್ಲಿ ತೀರಿಕೊಂಡರು. ಇಲ್ಲಿ ವಸಂತ ಯಾವುದರ ಸಂಕೇತವೆಂದು ಕೇಳುವುದಕ್ಕಿಂತ, ವಸಂತದ ಮರೆಯಲ್ಲಿ ಯಾರ ತಪ್ಪು ಅಡಗುತ್ತಿತ್ತು ಎಂದು ಕೇಳುವುದು ಉಪಯುಕ್ತ. ಆಟಿಯ ಹಸಿವಿಗೆ ಮಳೆಯನ್ನೇ ದೂರುತ್ತ, ಪತ್ತಾಯದ ಬೀಗ ಯಾರ ಕೈಯಲ್ಲಿತ್ತೆಂಬುದನ್ನು ಮರೆಯುವ ನಮ್ಮ ಮಾತುಗಳೂ ಇಲ್ಲಿ ನೆನಪಾಗುತ್ತವೆ.

ಆರನೆಯ ಹೆಜ್ಜೆ: ಮರಳಿ ಬರುವುದನ್ನು ಕಟ್ಟಿ ಹಿಡಿಯಿರಿ

ಪಂಚಾಂಗ ತುಂಬಿದ ಮೇಲೆ ಮರುಕಳಿಸುವ ವಸ್ತುಗಳ ನಡುವೆ ಗೆರೆ ಎಳೆಯಿರಿ. ಅತ್ಯಂತ ಗಟ್ಟಿಯಾದ ಗೆರೆ ಥಾರ್ನ್‌ಫೀಲ್ಡ್ ತೋಟದ ಚೆಸ್ಟ್‌ನಟ್ ಮರದ್ದು. ಇಪ್ಪತ್ತಮೂರನೆಯ ಅಧ್ಯಾಯದ ಆರಂಭದ ಬಿಸಿಲನ್ನು, ಇಟಲಿಯ ದಿನಗಳು ವಲಸೆ ಹಕ್ಕಿಗಳ ಹಿಂಡಿನಂತೆ ದಕ್ಷಿಣದಿಂದ ಬಂದಿಳಿದವು ಎಂಬ ಹೋಲಿಕೆಯಿಂದ ವರ್ಣಿಸಲಾಗಿದೆ. ವಲಸೆ ಹಕ್ಕಿ ಉಳಿಯುವುದಿಲ್ಲ ಎಂಬ ಸೂಚನೆ ಅಲ್ಲಿಯೇ ಇದೆ. ಮರದ ಕೆಳಗೆ ಮಾತು ಕೊಟ್ಟ ಬೆನ್ನಿಗೇ ಗಾಳಿ ಎದ್ದು ಮರ ನರಳುತ್ತದೆ, ಗುಡುಗು ಮಳೆ ಸುರಿಯುತ್ತದೆ, ಬೆಳಗಾಗುವಾಗ ಸಿಡಿಲು ಬಡಿದು ಮರ ಸೀಳಿದೆ. ತುಲಾ ತಿಂಗಳ ಸಂಜೆಗಳಲ್ಲಿ ಸಿಡಿಲು ಬಡಿದು ಸುಳಿ ಕರಟಿದ ತೆಂಗನ್ನು ಕಂಡವರಿಗೆ ಆ ಬೆಳಗಿನ ಮೌನವನ್ನು ವಿವರಿಸಬೇಕಾಗಿಲ್ಲ. ಮದುವೆಯ ಮುನ್ನಾದಿನಗಳಲ್ಲಿ ಜೇನ್ ಮತ್ತೆ ಆ ಮರದ ಬಳಿಗೆ ಹೋಗುತ್ತಾಳೆ: ಕಾಂಡ ಎರಡಾಗಿದೆ, ಆದರೆ ಬುಡವೂ ಬೇರೂ ಎರಡು ಹೋಳುಗಳನ್ನು ಬಿಡದೆ ಹಿಡಿದಿವೆ. ಮೂವತ್ತೇಳನೆಯ ಅಧ್ಯಾಯದಲ್ಲಿ ಕುರುಡನಾದ ರಾಚೆಸ್ಟರ್ ತನ್ನನ್ನು ಆ ಸಿಡಿಲು ಬಡಿದ ಮರಕ್ಕೇ ಹೋಲಿಸಿಕೊಂಡರೆ, ಜೇನ್ ಅದನ್ನು ಒಪ್ಪದೆ, ನಿಮ್ಮ ಬುಡದಲ್ಲಿ ಗಿಡಗಳು ಚಿಗುರುತ್ತವೆ ಎನ್ನುತ್ತಾಳೆ. ಒಂದೇ ಸಂಕೇತಕ್ಕೆ ಇಬ್ಬರು ಎರಡು ಅರ್ಥ ಕೊಡುತ್ತಿರುವ ಜಾಗವಿದು. ಸಂಕೇತದ ಅರ್ಥವನ್ನು ಲೇಖಕಿ ಮೊದಲೇ ನಿಶ್ಚಯಿಸಿ ಇಟ್ಟಿದ್ದಾಳೆಂದು ತಿಳಿದವರು ಈ ಸಂಭಾಷಣೆಯನ್ನು ಎರಡು ಬಾರಿ ಓದಲಿ.

ಇನ್ನೊಂದು ಗೆರೆ ಮೊದಲ ಅಧ್ಯಾಯದ ಮಳೆಗೂ ಮೂವತ್ತೇಳರ ಮಳೆಗೂ ನಡುವೆ. ಎರಡೂ ಕಡೆ ಮೈಯೊಳಗೆ ಇಳಿಯುವ ಮಳೆ ಎಂಬ ಒಂದೇ ವಿಶೇಷಣ ಬರುತ್ತದೆ. ಮೊದಲನೆಯದರಲ್ಲಿ ಅವಳು ಗಾಜಿನ ಹಿಂದೆ ಕುಳಿತ ಮಗು. ಕೊನೆಯದರಲ್ಲಿ ಆ ಮಳೆಯೊಳಗೆ ತಾನೇ ನಡೆದು ಫರ್ನ್‌ಡೀನ್‌ನ ಬಾಗಿಲು ತಟ್ಟುತ್ತಾಳೆ. ಮಳೆ ಬದಲಾಗಿಲ್ಲ.

ಏಳನೆಯ ಹೆಜ್ಜೆ: ಇದು ಯಾರ ಹವೆ

ನಮ್ಮಂಥ ಓದುಗರು ಬಿಟ್ಟುಕೊಡಲೇಬಾರದ ಹೆಜ್ಜೆ ಇದು. ಇಪ್ಪತ್ತೇಳನೆಯ ಅಧ್ಯಾಯದಲ್ಲಿ ರಾಚೆಸ್ಟರ್ ತನ್ನ ಮೊದಲ ಮದುವೆಯ ಕಥೆ ಹೇಳುತ್ತಾನೆ. ಜಮೈಕಾದ ಉರಿಯುವ ರಾತ್ರಿ, ಗಂಧಕದ ಹಬೆಯಂಥ ಗಾಳಿ, ಸೊಳ್ಳೆಗಳ ಗುಂಯ್‌ಗುಡುವಿಕೆ, ಕಾದ ಗುಂಡಿನಂತೆ ಕೆಂಪಾದ ಚಂದ್ರ, ಪಕ್ಕದ ಕೋಣೆಯಲ್ಲಿ ಹುಚ್ಚು ಹಿಡಿದ ಹೆಂಡತಿಯ ಕೂಗು. ಗುಂಡು ಹಾರಿಸಿಕೊಂಡು ಸಾಯಲು ಹೊರಟವನನ್ನು ತಡೆಯುವುದು ಯೂರೋಪಿನಿಂದ ಸಮುದ್ರ ದಾಟಿ ಬಂದ ತಂಪು ಗಾಳಿ; ಬಿರುಮಳೆ ಸುರಿದು ಹವೆ ಶುದ್ಧವಾಗುತ್ತದೆ. ಸೆಕೆಯ ನಾಡಿನಲ್ಲಿ ಹುಚ್ಚು, ತಂಪಿನ ನಾಡಿನಲ್ಲಿ ವಿವೇಕ ಎಂಬ ಈ ಭೂಪಟ ಕಾದಂಬರಿಯಲ್ಲಿ ಎಲ್ಲಿಯೂ ಪ್ರಶ್ನೆಗೆ ಒಳಗಾಗುವುದಿಲ್ಲ.

ಭಾರತಕ್ಕೂ ಇದೇ ಭೂಪಟದಲ್ಲಿ ಜಾಗವಿದೆ. ಪಾದ್ರಿ ಸೇಂಟ್ ಜಾನ್ ರಿವರ್ಸ್ ಹಿಮದಂಥ ಮನುಷ್ಯ. ಮೂವತ್ತಮೂರನೆಯ ಅಧ್ಯಾಯದ ಹಿಮಗಾಳಿಯಲ್ಲಿ ಬಂದಾಗ ಅವನ ನಿಲುವಂಗಿ ಹಿಮನದಿಯಂತೆ ಬಿಳಿಯಾಗಿದೆ, ಆ ವೇಷದಲ್ಲೇ ಅವನು ಜೇನ್‌ಗೆ ಇಪ್ಪತ್ತು ಸಾವಿರ ಪೌಂಡಿನ ಆಸ್ತಿಯ ಸುದ್ದಿ ಕೊಡುತ್ತಾನೆ. ಅವಳಿಗೆ ಹಿಂದೂಸ್ತಾನಿ ಕಲಿಸಿ, ಮಿಷನರಿಯ ಹೆಂಡತಿಯಾಗಿ ಭಾರತಕ್ಕೆ ಬರಬೇಕೆಂದು ಒತ್ತಾಯಿಸುತ್ತಾನೆ. ಹೋದರೆ ಅಕಾಲ ಮರಣವೆಂದು ಅವಳಿಗೆ ಗೊತ್ತು. ಕಲ್ಕತ್ತೆಯಲ್ಲಿ ನಿನ್ನನ್ನು ಜೀವಂತ ಸುಟ್ಟಂತಾಗುತ್ತದೆ ಎಂದು ಅವನ ತಂಗಿ ಡಯಾನಾ ಎಚ್ಚರಿಸುತ್ತಾಳೆ. ಕಾದಂಬರಿ ಮುಗಿಯುವುದು ಭಾರತದಲ್ಲಿ ಸಾವಿನ ಹೊಸ್ತಿಲಲ್ಲಿರುವ ಅವನ ಪತ್ರದಿಂದ. ನಾವು ದಿನವೂ ಬಟ್ಟೆ ಒಣಗಿಸುವ ಬಿಸಿಲು ಅವರ ಕಥೆಯಲ್ಲಿ ಮರಣದಂಡನೆ.

ನಮ್ಮ ಗುಂಪಿನಲ್ಲಿ ಈ ಭಾಗ ಓದಿದಾಗ ಕೆಲವರು ನಕ್ಕರು, ಒಬ್ಬರು ಸಿಟ್ಟಾದರು. ಎರಡೂ ಸರಿಯೇ. ಆದರೆ ಇದನ್ನು ಹಿಡಿದು ಪುಸ್ತಕ ಮುಚ್ಚಿಡುವ ಬದಲು ಟಿಪ್ಪಣಿಯಲ್ಲಿ ಬರೆಯಿರಿ, ಏಕೆಂದರೆ ಹವೆಯ ಸಂಕೇತಕ್ಕೆ ಸ್ವಂತ ಊರು ಇರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ. ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ ‘ವೈಡ್ ಸಾರ್ಗಾಸೊ ಸೀ’ ಬರೆದು ಆ ಮೊದಲ ಹೆಂಡತಿಗೆ ಮಾತು ಕೊಟ್ಟಳು. ಅಲ್ಲಿ ದ್ವೀಪದ ಸೆಕೆ ಮನೆಯ ಹವೆ, ಇಂಗ್ಲೆಂಡಿನ ಚಳಿ ಸೆರೆಮನೆಯ ಹವೆ. ಸಮಯವಿದ್ದವರು ಎರಡನ್ನೂ ಒಟ್ಟಿಗೆ ಓದಲಿ.

ಎಂಟನೆಯ ಹೆಜ್ಜೆ: ಬರೆಯುವಾಗ

ಪರೀಕ್ಷೆಗಾಗಲಿ ಗುಂಪಿನ ಚರ್ಚೆಗಾಗಲಿ ಬರೆಯುವಾಗ, ಹವೆ ಯಾವುದರ ಸಂಕೇತ ಎಂಬಲ್ಲಿಂದ ಆರಂಭಿಸಬೇಡಿ. ಎಲ್ಲಿ, ಯಾವ ತಿಂಗಳು, ಪಾತ್ರ ಒಳಗಿದೆಯೋ ಹೊರಗಿದೆಯೋ, ಹವೆಯಿಂದ ಏನು ನಡೆಯಿತು ಎಂದು ಬರೆದ ಮೇಲೆ ಅರ್ಥ ತಾನಾಗಿ ಬರುತ್ತದೆ. ಒಂದು ಮಾದರಿ:

‘ಜೂನ್ ಮೊದಲ ವಾರದ ಸಂಜೆ, ಕಾಲಕ್ಕೆ ಹೊಂದದ ಚಳಿಮಳೆಯಲ್ಲಿ ಜೇನ್ ಫರ್ನ್‌ಡೀನ್ ತಲುಪುತ್ತಾಳೆ. ಮೊದಲ ಅಧ್ಯಾಯದಲ್ಲಿ ಇಂಥದೇ ಮಳೆ ಅವಳನ್ನು ಮನೆಯೊಳಗೆ ಕೂಡಿಹಾಕಿತ್ತು, ಈಗ ಅವಳು ಅದರೊಳಗೆ ತನ್ನ ಇಚ್ಛೆಯಿಂದ ನಡೆದುಬಂದಿದ್ದಾಳೆ. ಒಂದು ವರ್ಷದ ಹಿಂದಿನ ಬೇಸಿಗೆಯ ಸುಂದರ ಸಂಜೆಯಲ್ಲಿ ಅವಳಿಗೆ ದೊರೆತ ಮಾತು ಸುಳ್ಳಾಗಿತ್ತು, ಈ ಒದ್ದೆ ಸಂಜೆಯಲ್ಲಿ ದೊರೆಯುವ ಮಾತು ಉಳಿಯುತ್ತದೆ.’

ಇಲ್ಲಿ ‘ಸಂಕೇತ’ ಎಂಬ ಪದವೇ ಇಲ್ಲವೆಂಬುದನ್ನು ಗಮನಿಸಿ. ಅಂಕ ಕೊಡುವವರಿಗೆ ಆ ಪದ ಬೇಕೇ ಬೇಕೆಂದಾದರೆ ಕೊನೆಗೆ ಒಂದು ವಾಕ್ಯ ಸೇರಿಸಿಕೊಳ್ಳಬಹುದು.

ಈ ಕ್ರಮ ಕೈಗೆ ಹತ್ತಿದ ಮೇಲೆ ನಮ್ಮದೇ ಮಳೆಯ ಕಾದಂಬರಿಯೊಂದನ್ನು ಎತ್ತಿಕೊಳ್ಳಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಒಳ್ಳೆಯ ಆಯ್ಕೆ. ಮಲೆನಾಡಿನ ಮಳೆ ನಮಗೆ ಪರಿಚಿತವೆಂಬ ಧೈರ್ಯದಿಂದ ಮೊದಲ ಹೆಜ್ಜೆಯನ್ನು ಬಿಟ್ಟುಬಿಡಬೇಡಿ; ಕಡಲ ಬದಿಯ ಜೂನ್ ಬೇರೆ, ಘಟ್ಟದ ಮೇಲಿನ ಜೂನ್ ಬೇರೆ. ಕೊನೆಯ ಭಾಗದಲ್ಲಿ ತುಂಬಿದ ತುಂಗೆಯನ್ನು ದಾಟುವಾಗ ಗುತ್ತಿಯ ನಾಯಿ ಹುಲಿಯ ನೀರುಪಾಲಾಗುವ ಪುಟ ಬಂದಾಗ, ನಿಮ್ಮ ನೋಟುಪುಸ್ತಕದ ನಾಲ್ಕನೆಯ ಅಂಕಣವನ್ನು ಮೊದಲು ತುಂಬಿ, ಉಳಿದ ಮೂರನ್ನು ಆಮೇಲೆ ಹಿಂದಿನ ಪುಟಗಳಿಂದ ಹುಡುಕಿ ಬರೆಯಿರಿ.